ಬೀಗರ ಮುಂದೆ ಭೂಮಿಯ ಸೆಳೆತ

ಹರಪನಹಳ್ಳಿಯ ಬೀಗರು ಚಪ್ಪಲಿ ಬಿಟ್ಟು ಒಳಗೆ ಬಂದು ಜಮಖಾನೆಯ ಮೇಲೆ ಆಗತಾನೇ ಕೂತಿದ್ದರು. ಹಾಲೇಶಪ್ಪನ ಮುಂಗೈಯಲ್ಲಿದ್ದ ಹೊಸ ಗಡಿಯಾರ ಗುಂಯ್ ಎಂದು ನಡುಗಿತು. ಅದು ನಡುಗಿತೆಂದರೆ ಅವನು ಎದ್ದು ನಿಲ್ಲಬೇಕು. ಮಗಳ ಕರಾರು.

ಹಗರಿಬೊಮ್ಮನಹಳ್ಳಿ ಪೇಟೆಯಲ್ಲಿ ಹಾಲೇಶಪ್ಪನದು ಬಟ್ಟೆ ಅಂಗಡಿ. ಬೆಳಿಗ್ಗೆ ಗಾದಿಯ ಮೇಲೆ ಕೂತನೆಂದರೆ ಮಳೆಗಾಲದ ಬೆಲ್ಲದ ಪೆಂಟೆ ಗೋಣಿಗೆ ಅಂಟಿದ ಹಾಗೆ. ರಾತ್ರಿ ಇಬ್ಬರು ಸೇರಿ ಬಿಡಿಸಬೇಕು. ಫಿಸಿಯೋಥೆರಪಿ ಓದಿದ ಮಗಳು ಅಮೃತಾ ಅಪ್ಪನನ್ನು ಕೂರಿಸಿಕೊಂಡು, ಅಲ್ಲ, ನಿಲ್ಲಿಸಿಕೊಂಡು ಪಾಠ ಹೇಳಿದ್ದಳು. ಅಂತರಿಕ್ಷದಲ್ಲಿ ತೇಲುವವರ ಮೈಗೆ ಭಾರ ಹೊರುವ ಕೆಲಸವೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಮೂಳೆ ಸವೆದು, ಕಾಲು ಸೊರಗಿ ಮುದುಕರಂತಾಗುತ್ತಾರೆ. ಗಾದಿಯೂ ಒಂದು ಅಂತರಿಕ್ಷವೇ. ಆಗಾಗ ಎದ್ದು ನಿಂತು ಭೂಮಿಯ ಸೆಳೆತಕ್ಕೆ ಎದೆಗೊಟ್ಟರೆ ಮುಪ್ಪು ಹಿಂಜರಿಯುತ್ತದೆ. ಮನೆಯಲ್ಲಿ ಗುರುತ್ವವೆಂದರೆ ಹೆಂಡತಿ ಗುರುಬಸಮ್ಮ ಎಂದಷ್ಟೇ ತಿಳಿದಿದ್ದ ಹಾಲೇಶಪ್ಪನಿಗೆ ಇದನ್ನು ಕೇಳಿ ಮೈ ಜುಮ್ಮೆಂದಿತು.

"ಅಪ್ಪಾಜಿ, ಇವತ್ತೊಂದು ದಿನ ಗಡಿಯಾರ ಹೇಳಿದಾಗೆಲ್ಲ ಎದ್ದು ತೋರಿಸ್ರಿ. ಒಂದು ಸಲ ತಪ್ಪಿದ್ರೂ ನಾ ಮದುವಿಗೆ ಒಲ್ಲೆ. ಹಾಸಿಗಿ ಹಿಡಿಯೋ ಅಪ್ಪನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ," ಎಂದಿದ್ದಳು ಅಮೃತಾ.

ಹುಡುಗ ಪ್ರವೀಣಕುಮಾರ್ ಅವಳಿಗೂ ಮೆಚ್ಚುಗೆಯಾದವನು. ಈ ಸಂಬಂಧ ಕೈತಪ್ಪಿದರೆ ಇಂಥದು ಮತ್ತೆ ಸಿಗುವುದಿಲ್ಲವೆಂದು ಹಾಲೇಶಪ್ಪ ಒಪ್ಪಿದ. ಗುರುಬಸಮ್ಮ ತನ್ನದೂ ಒಂದು ಕರಾರು ಸೇರಿಸಿದಳು: ಬೀಗರಿಗೆ ಇದರ ಸುಳಿವೇ ಸಿಗಬಾರದು, ಅಪ್ಪನಿಗೆ ಕಾಯಿಲೆ ಎಂದರೆ ವಂಶಕ್ಕೇ ಕಾಯಿಲೆ ಎಂದುಕೊಂಡಾರು.

ಹಾಲೇಶಪ್ಪ ಎದ್ದ. ಬೀಗರು ನಿಂತಿರುವಾಗ ಕೂತಿರುವುದು ಆ ಮನೆತನಗಳಲ್ಲಿ ಮರ್ಯಾದೆಯಲ್ಲ. ಹುಡುಗನ ಅಪ್ಪ ಗಾದಿಲಿಂಗಪ್ಪ ಎದ್ದ, ಹುಡುಗ ಎದ್ದ. ಕಡೆಗೆ ಕುರ್ಚಿಯಲ್ಲಿದ್ದ ಹುಡುಗನ ಅಜ್ಜಿ, ಗಾದಿಲಿಂಗಪ್ಪನ ಅವ್ವ ಪಕ್ಕೀರಮ್ಮನೂ ಕೋಲೂರಿ, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆನ್ನುತ್ತ ಎದ್ದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಾಲೇಶಪ್ಪ ಫ್ಯಾನು ಜೋರು ಮಾಡಿ ಕೂತ, ಎಲ್ಲರೂ ಕೂತರು.

ಚಹಾ ಬಂತು. ಗಾದಿಲಿಂಗಪ್ಪ ಗಂಟಲು ಸರಿಮಾಡಿಕೊಂಡು, ನಮ್ಮದೇನೂ ತಕರಾರಿಲ್ಲ ಎಂದು ಶುರುಮಾಡುವುದಕ್ಕೂ ಗಡಿಯಾರ ಗುಂಯ್ಗುಡುವುದಕ್ಕೂ ಸರಿಹೋಯಿತು. ಮತ್ತೆ ಎಲ್ಲರೂ ಎದ್ದರು. ಹಾಲೇಶಪ್ಪ ಈ ಸಲ ಹಲ್ಲಿ ಕಂಡೆನೆಂದ. ಮುಂದಿನ ಸಲ ಕ್ಯಾಲೆಂಡರ್ ಸೊಟ್ಟಗಾಗಿದೆಯೆಂದ. ಅದರ ಮುಂದಿನ ಸಲ ಸುಳ್ಳುಗಳೇ ಮುಗಿದು ಸುಮ್ಮನೆ ಹಲ್ಲು ಕಿರಿದ. ಬಾವುಟ ಏರಿಸುವ ದಿನದ ಶಾಲೆಯಂತೆ ಮನೆಯೆಲ್ಲ ಎದ್ದು ಕೂತು, ಎದ್ದು ಕೂತು ಬೆವರಿತು.

ಊಟಕ್ಕೆ ಹೋಳಿಗೆ. ಬೀಗರ ಒತ್ತಾಯಕ್ಕೆ ಹಾಲೇಶಪ್ಪನೂ ಪಂಕ್ತಿಯಲ್ಲಿ ಕೂತಿದ್ದ. ನಡುವೆ ಒಬ್ಬ ಎದ್ದರೂ ಪಂಕ್ತಿಯ ಊಟವೆಲ್ಲ ಮುಗಿದಂತೆ. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿತ್ತು. ಗಡಿಯಾರ ಗುಂಯ್ ಎಂದಿತು.

ತುಪ್ಪದ ಗಿಂಡಿ ಹಿಡಿದ ಅಮೃತಾ ಅಪ್ಪನ ಮುಂಗೈ ನೋಡಿದಳು. ಗುರುಬಸಮ್ಮ ಅಪ್ಪ-ಮಗಳಿಬ್ಬರನ್ನೂ ನುಂಗುವಂತೆ ನೋಡಿದಳು. ಕೂತರೆ ಮಗಳು ಒಲ್ಲೆನ್ನುತ್ತಾಳೆ, ಎದ್ದರೆ ಬೀಗರು. ಹಾಲೇಶಪ್ಪ ಕಣ್ಣು ಮುಚ್ಚಿ ಎದ್ದೇಬಿಟ್ಟ.

ಗಾದಿಲಿಂಗಪ್ಪ ಬಾಯಿಯವರೆಗೆ ಹೋಗಿದ್ದ ತುತ್ತನ್ನು ಎಲೆಗೆ ಇಳಿಸಿದ. ಕೈ ತೊಳೆದು ನೇರವಾಗಿ ಚಪ್ಪಲಿಯತ್ತ ನಡೆದ.

"ನಮ್ ಸಂಬಂಧ ಬ್ಯಾಡಾದ್ರೆ ಬಾಯಿ ಬಿಟ್ಟು ಹೇಳ್ರಿ ಹಾಲೇಶಪ್ಪನೋರೆ. ಹಿಂಗ್ ಎದ್ದೆದ್ದು ಹೇಳಬ್ಯಾಡ್ರಿ."

ಹಾಲೇಶಪ್ಪ ಅವನ ಕೈ ಹಿಡಿದು ಎಲ್ಲವನ್ನೂ ಒದರಿದ: ಗಾದಿ, ಅಂತರಿಕ್ಷ, ಸವೆಯುವ ಮೂಳೆ, ಮಗಳ ಹಟ. ಗಾದಿಲಿಂಗಪ್ಪನ ಮುಖ ಸಡಿಲಾಗಲಿಲ್ಲ. ಅವ್ವನನ್ನು ಕರೆದುಕೊಂಡು ಬಾ, ಹೊರಡೋಣ ಎಂದು ಮಗನಿಗೆ ಹೇಳಿದ.

ಅವ್ವ ಕುರ್ಚಿಯಲ್ಲಿರಲಿಲ್ಲ. ಕೋಲು ಮಾತ್ರ ಗೋಡೆಗೆ ಒರಗಿತ್ತು. ಗಾಬರಿಯಿಂದ ಹುಡುಕಿದರೆ ಪಕ್ಕೀರಮ್ಮ ಹಿತ್ತಲಲ್ಲಿ ಬರಿಗೈಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದಳು.

"ಬೀಳ್ತೀ ಬೀಳ್ತೀ ಅಂತ ನನ್ನ ಗೊಂಬಿ ಕುಂದ್ರಿಸ್ದಂಗೆ ಕುಂದ್ರಿಸಿ ಇಟ್ಟಿದ್ರಲ್ಲೋ. ಬೀಗರು ಎದ್ದಾಗೆಲ್ಲ ಮರ್ಯಾದಿಗೆ ಅಂತ ಎದ್ದೆ ನೋಡು, ಮಣಕಾಲಿಗೆ ತನ್ನ ಕೆಲ್ಸ ನೆನಪಾತು. ನಮ್ಮನಿಗೆ ಈ ಹುಡುಗೀನೇ ಸೊಸಿ. ಮದುವಿ ಆಗೋತನಕ ನಾ ಇಲ್ಲೇ ಇದ್ದು ಪೂರಾ ಸುಧಾರಿಸ್ಕಂತೀನಿ."

ಅವ್ವನ ಮಾತು ಕೇಳಿ ಗಾದಿಲಿಂಗಪ್ಪ ಪಂಕ್ತಿಗೆ ಮರಳಿದ. ಮತ್ತೆ ಎಲೆ ಹಾಕಿ, ಹೋಳಿಗೆ ಬಡಿಸಿ, ಎಲೆ ಅಡಿಕೆ ಬದಲಾಯಿಸಿದರು. ಬೀಗರ ಕಾರು ಅಜ್ಜಿಯನ್ನು ಬಿಟ್ಟು ಹರಪನಹಳ್ಳಿಯ ದಾರಿ ಹಿಡಿಯಿತು. ಕರಾರು ಗೆದ್ದಿರೆಂದು ಅಮೃತಾ ತಾನೇ ಗಡಿಯಾರ ಬಿಚ್ಚಿದಳು. ಇಡೀ ದಿನದ ಆಯಾಸವನ್ನೆಲ್ಲ ಒಟ್ಟುಮಾಡಿ ಹಾಲೇಶಪ್ಪ ಜಮಖಾನೆಯ ಮೇಲೆ ಉಸ್ಸೆಂದು ಕೂತ.

ಪಕ್ಕೀರಮ್ಮ ಪಡಸಾಲೆಗೆ ಬಂದು ಎದುರಿಗೆ ನಿಂತಳು. ಗುರುಬಸಮ್ಮ ಬಾಗಿಲ ಮರೆಯಿಂದ ಕಣ್ಣು ಕೆಕ್ಕರಿಸಿದಳು. ಹಾಲೇಶಪ್ಪ ಎದ್ದ.

"ಕುಂದ್ರಬೇಕ್ರಿ ಅಮ್ಮಾ," ಎಂದು ಕುರ್ಚಿ ಎಳೆದ.

"ನಂದೇನು ಚಿಂತಿ ಬಿಡಪ್ಪ, ನನಗೀಗ ನಿಂತ್ರೇ ಆರಾಮ," ಎಂದಳು ಪಕ್ಕೀರಮ್ಮ.

ಮದುವೆ ಯುಗಾದಿ ಕಳೆದ ಮೇಲೆ. ಈಗಿನ್ನೂ ದೀಪಾವಳಿ.