ಕೇಳುವ ಕೆಲಸ

ಬಾಯಿ ಮುಚ್ಚಿಕೊಂಡು ಕೂರುವುದಕ್ಕೂ ತರಬೇತಿ ಬೇಕೆಂದು ನನಗೆ ತಿಳಿದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಮಕ್ಕಳಿಬ್ಬರೂ ಹೈಸ್ಕೂಲು ಸೇರಿದ ಮೇಲೆ ನಾನು ದಾಂಡೇಲಿಯಿಂದ ದಿನಾ ಬಸ್ಸು ಹತ್ತಿ ಹಳಿಯಾಳಕ್ಕೆ ಎಂ.ಎ. ಓದಲು ಹೋಗುತ್ತಿದ್ದೆ. ತರಗತಿಯವರೆಲ್ಲ ನನ್ನನ್ನು ಆಂಟಿ ಎನ್ನುತ್ತಿದ್ದರು. ಒಮ್ಮೆ ಬಾಯಿತಪ್ಪಿ ಮೇಷ್ಟ್ರೂ ಅಂದುಬಿಟ್ಟರು. ಮನಸ್ಸಿನ ಕಾಯಿಲೆಯಿರುವ ವಿದ್ಯಾರ್ಥಿಗಳಿಗೆ ಸಹಪಾಠಿಗಳೇ ಜೊತೆಯಾಗುವ ಏರ್ಪಾಡೊಂದು ಕಾಲೇಜಿನಲ್ಲಿ ಶುರುವಾದಾಗ, ಮಾತು ಬಲ್ಲವಳೆಂದು ಮೊದಲು ನನ್ನ ಹೆಸರನ್ನೇ ಬರೆದುಕೊಂಡರು. ತರಬೇತಿಯಲ್ಲಿ ಎರಡು ದಿನ ಹೇಳಿದ್ದು ಒಂದೇ: ಕೇಳಿ, ಉಪದೇಶ ಮಾಡಬೇಡಿ. ಇಬ್ಬರು ಮಕ್ಕಳ ತಾಯಿಗೆ ಇದನ್ನು ಹೇಳುವುದೇನೋ ಸುಲಭ.

ನನ್ನ ಪಾಲಿಗೆ ಬಂದವಳು ಲೂಸಿ, ಹಳಿಯಾಳದ ಕಡೆಯ ಹಳ್ಳಿಯೊಂದರ ಸಿದ್ದಿ ಹುಡುಗಿ, ಹಾಸ್ಟೆಲಿನಲ್ಲಿದ್ದಳು. "ನಿದ್ದಿ ಬರಂಗಿಲ್ರಿ ಆಂಟಿ" ಎಂದು ಶುರುಮಾಡಿದಳು. ಅಷ್ಟೇ ಸಾಕಾಯಿತು. ತಲೆಗೆ ಎಣ್ಣೆ ಹಚ್ಚು, ಹೊತ್ತಿಗೆ ಸರಿಯಾಗಿ ಉಣ್ಣು, ಬೆಳಿಗ್ಗೆ ಬೇಗ ಎದ್ದು ನಡೆದಾಡು ಎಂದು ಮುಕ್ಕಾಲು ಗಂಟೆ ಹೇಳಿದೆ. ನಡುವೆ ನನ್ನ ಬಾಣಂತನದ ಕತೆಯೂ ಬಂದುಹೋಯಿತು. ಅವಳು ತಲೆಯಾಡಿಸಿ ಹೋದಳು. ಆಮೇಲೆ ಎರಡು ವಾರ ನನ್ನ ಬಳಿಗೂ ಬರಲಿಲ್ಲ, ತರಗತಿಗೂ ಬರಲಿಲ್ಲ. ಪರೀಕ್ಷೆಗೆ ಉಳಿದದ್ದು ಒಂದು ತಿಂಗಳು.

ಹಾಸ್ಟೆಲಿಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ನೀವು ಹೇಳಿದ್ದೆಲ್ಲಾ ಖರೇನ ಐತ್ರಿ. ಆದ್ರ ಹಾಸಿಗಿ ಬಿಟ್ಟು ಏಳಾಕನ ಆಗಂಗಿಲ್ರಿ. ಅದನ್ನ ಹೇಳಾಕ ಬಂದಿದ್ದೆ ಅವತ್ತ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಸಂದಿ ಬಿಡಲಿಲ್ರಿ."

ತಪ್ಪಾಯಿತು ಎಂದೆ. ಅದಕ್ಕೆ ಕಾರಣಗಳನ್ನೂ ಹೇಳಬೇಕೆನಿಸಿತು, ತುಟಿ ಕಚ್ಚಿ ಕೂತೆ. ಎಷ್ಟೋ ಹೊತ್ತಾದ ಮೇಲೆ ಅವಳು ನಿಧಾನವಾಗಿ ಹೇಳತೊಡಗಿದಳು. ಧಾರವಾಡದ ಡಾಕ್ಟರು ಕೊಟ್ಟ ಗುಳಿಗೆ ತಗೊಳ್ಳುತ್ತಿದ್ದಳಂತೆ. ಕೋಣೆಯ ಹುಡುಗಿಯೊಬ್ಬಳು ಯಾತಕ್ಕೆಂದು ಕೇಳಿದ್ದಕ್ಕೆ ನಾಚಿಕೆಯಾಗಿ ಬಿಟ್ಟುಬಿಟ್ಟಿದ್ದಳು. "ಒಬ್ಬಾಕಿನ ಮತ್ತ ಅಲ್ಲಿಗೆ ಹೋಗಾಕ ಧೈರ್ಯ ಇಲ್ರಿ" ಎಂದಳು.

"ನಾನೂ ಬರ್ತೇನಿ" ಎಂದೆ. ಮಾರನೆಯ ದಿನ ಧಾರವಾಡದ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಳು, ನಾನು ಪಕ್ಕದಲ್ಲಿ ಸುಮ್ಮನೆ ಕೂತೆ. ಇಳಿಯುವಾಗ ನನಗೆ ದವಡೆ ನೋಯುತ್ತಿತ್ತು. ಡಾಕ್ಟರನ್ನು ಕಂಡು ಮನೆಗೆ ಬಂದ ಮೇಲೂ ನಾನು ಅದೇ ಮೌನದಲ್ಲಿದ್ದದ್ದನ್ನು ನೋಡಿ, ಮಿಲ್ಲಿನ ಪಾಳಿ ಮುಗಿಸಿ ಬಂದ ಯಜಮಾನರು ನನ್ನ ಹಣೆ ಮುಟ್ಟಿ ನೋಡಿದರು.

ಲೂಸಿ ಮತ್ತೆ ಗುಳಿಗೆ ಶುರುಮಾಡಿದಳು. ಐದರಲ್ಲಿ ಮೂರು ಪೇಪರು ಬರೆದಳು, ಉಳಿದೆರಡನ್ನು ಮುಂದಿನ ಸಲ ಮುಗಿಸಿದಳು. ಕೆಲವು ದಿನ ಈಗಲೂ ಅವಳಿಗೆ ಏಳಲಾಗುವುದಿಲ್ಲ. ಅಂಥ ದಿನ ಫೋನು ಮಾಡುತ್ತಾಳೆ, ನಾನು ಹೂಂ ಎನ್ನುತ್ತೇನೆ.

ಈ ವರ್ಷ ಆ ಏರ್ಪಾಡಿಗೆ ಹೊಸದಾಗಿ ಸೇರಿದವರಿಗೆ, ಕೇಳುವುದು ಹೇಗೆಂಬ ಬಗ್ಗೆ ಹತ್ತು ನಿಮಿಷ ಮಾತಾಡಲು ನನ್ನನ್ನೇ ಕರೆದರು. ಐವತ್ತನೆಯ ನಿಮಿಷಕ್ಕೆ, ಮುಂದಿನ ಸಾಲಿನಲ್ಲಿ ಕೂತಿದ್ದ ಲೂಸಿ ಹತ್ತಿರ ಬಂದು, "ಆಂಟಿ, ಅವರಿಗೂ ಏನರ ಕೇಳೂದ ಇರಬಹುದ್ರಿ" ಎಂದಳು. ನಾಚಿಕೆಯಾಗಿ ಕೂತುಬಿಟ್ಟೆ. ಉಳಿದಿದ್ದ ಎರಡು ಮುಖ್ಯ ಅಂಶಗಳನ್ನು ಪಕ್ಕದ ಕುರ್ಚಿಯವಳಿಗೆ ಮೆಲ್ಲಗೆ ಹೇಳಿ ಮುಗಿಸಿದೆ.