ಬಲಗಾಲು ಒಳಗಿದೆ

ನನ್ನ ಹೆಂಡತಿಯ ಪ್ರಕಾರ ಕತ್ತರಿ ಮತ್ತು ಗೋಂದು ಎರಡೂ ಒಟ್ಟಿಗೆ ನನ್ನ ಕೈಗೆ ಸಿಗಬಾರದು. ಬೇರೆ ಬೇರೆಯಾಗಿ ಸಿಕ್ಕರೆ ಪರವಾಗಿಲ್ಲವಂತೆ. ಹಿಂದೊಮ್ಮೆ ನಾನು ಕೈಯಾರೆ ಮಾಡಿ ಅಂಟಿಸಿದ ಫೋಟೋ ಚೌಕಟ್ಟು ಗೋಡೆಯ ಸುಣ್ಣವನ್ನೂ ಜೊತೆಗೆ ಕರೆದುಕೊಂಡು ಕೆಳಗೆ ಬಿದ್ದದ್ದನ್ನು ಅವಳು ಇನ್ನೂ ಮರೆತಿಲ್ಲ. (ಬಂದವರಿಗೆ ಆ ಜಾಗ ಕಾಣಿಸುವುದಿಲ್ಲ. ಅಲ್ಲಿ ಈಗ ಬೀರು ಇಟ್ಟಿದ್ದೇವೆ.) ಇಷ್ಟಾದರೂ ನನ್ನ ತಂಗಿಗೆ ಅವಳಿ ಮಕ್ಕಳಾದ ಶುಭ ಸಮಾಚಾರವನ್ನು ಬಂಧುಬಳಗಕ್ಕೆಲ್ಲ ನಾನೇ ಮಾಡಿದ ಕಾರ್ಡುಗಳ ಮೂಲಕ ತಿಳಿಸುವುದಾಗಿ ಘೋಷಿಸಿಬಿಟ್ಟೆ.

ಅದಕ್ಕೆ ಕಾರಣವಿತ್ತು. ತಂಗಿ ಮಕ್ಕಳಿಗಾಗಿ ಬಹಳ ವರ್ಷ ಕಾದವಳು. ಆ ವರ್ಷಗಳಲ್ಲಿ ನೆಂಟರ ಮನೆಯಲ್ಲಿ ಮಗು ಹುಟ್ಟಿತೆಂದರೆ ಅವಳಿಗೆ ತಲೆನೋವು ಬರುತ್ತಿತ್ತು, ಇಲ್ಲವೇ ತುರ್ತು ಕೆಲಸ ಬರುತ್ತಿತ್ತು. ಒಟ್ಟಿನಲ್ಲಿ ಅವಳು ಮಾತ್ರ ಹೋಗುತ್ತಿರಲಿಲ್ಲ. ಆ ತಲೆನೋವು ಎಂಥದೆಂದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಈಗ ಒಂದು ಹೆಣ್ಣು, ಒಂದು ಗಂಡು, ಎರಡನ್ನೂ ಅಕ್ಕಪಕ್ಕ ಮಲಗಿಸಿಕೊಂಡು ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು:

"ಯಾರಿಗೂ ಹೇಳೋದು ಬೇಡ ಅಣ್ಣ. ನಾನು ಯಾರ ಮಗುನ್ನೂ ನೋಡೋಕೆ ಹೋದವಳಲ್ಲ. ಈಗ ಯಾವ ಮುಖ ಇಟ್ಕೊಂಡು ಕರೀಲಿ? ಕರೆದ್ರೂ ಯಾರು ಬರ್ತಾರೆ?"

"ಬರ್ತಾರೆ. ಬರೋ ಹಾಗೆ ನಾನು ಮಾಡ್ತೀನಿ," ಎಂದೆ. ಮಾತು ಕೊಟ್ಟಾಗಿತ್ತು.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದೆರಡು ಮಾತು ಹೇಳಬೇಕು. ನಾನು ಶೂ ಅಂಗಡಿಯಲ್ಲಿ ಸೇಲ್ಸ್‌ಮನ್. ಮುಖ ಮರೆತರೂ ಪಾದ ಮರೆಯದವನು. ಬಿಗಿಯಾಯಿತು ಎಂದು ಯಾರಾದರೂ ಮುಖ ಹಿಂಡಿದರೆ "ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸರ್" ಎಂದು ಸಮಾಧಾನ ಹೇಳಿ ಕಳಿಸುವುದರಲ್ಲಿ ನಿಸ್ಸೀಮ. ನಮ್ಮ ಅಂಗಡಿಯಲ್ಲಿ ಶೋಕೇಸಿಗೆ ಇಡುವುದು ಎಡಗಾಲಿನ ಶೂ ಮಾತ್ರ. ಒಂಟಿ ಶೂ ಕದಿಯಲು ಕಳ್ಳನಿಗೂ ಮನಸ್ಸಾಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ವ್ಯಾಪಾರದ್ದು. ಗಿರಾಕಿ ಜೊತೆಯದನ್ನು ಕೇಳಿದರೆ "ಬಲಗಾಲು ಒಳಗಿದೆ, ಬನ್ನಿ" ಎನ್ನುತ್ತೇವೆ. ಒಳಗೆ ಬಂದವನು ಕೂರುತ್ತಾನೆ, ಕೂತವನು ಕೊಳ್ಳುತ್ತಾನೆ.

ಕಾರ್ಡಿನ ಮೇಲೆ ಮಕ್ಕಳ ಹೆಜ್ಜೆ ಗುರುತು ಇರಬೇಕೆಂದು ನನ್ನ ಕಲಾಹೃದಯ ತೀರ್ಮಾನಿಸಿತು. ಎಳೆ ಚರ್ಮಕ್ಕೆ ಶಾಯಿ ಆಗದೆಂದು ಹೆಂಡತಿ ಬೀಟ್‌ರೂಟ್ ತುರಿದು ರಸ ಹಿಂಡಿಕೊಟ್ಟಳು. ಹೆಣ್ಣು ಮಗು ನಿದ್ದೆಯಲ್ಲೇ ಪಾದ ಒತ್ತಿಸಿಕೊಂಡಿತು. ಗಂಡು ಮಗು ಬಟ್ಟಲನ್ನೇ ಒದ್ದು, ನನ್ನ ಬಿಳಿ ಅಂಗಿಯ ಮೇಲೆ ಮೊದಲ ಕಾರ್ಡು ಬಿಡುಗಡೆ ಮಾಡಿತು. ಆಮೇಲೆ ಶೂ ಡಬ್ಬಿಯ ಮುಚ್ಚಳದಲ್ಲಿ ಆ ಎರಡು ಪಾದಗಳ ಆಕಾರ ಕತ್ತರಿಸಿ ಅಚ್ಚು ಮಾಡಿದೆ. ಅದನ್ನು ಕಾಗದದ ಮೇಲಿಟ್ಟು ಸ್ಪಂಜಿನಿಂದ ರಸ ತಟ್ಟಿದರೆ ಹೆಜ್ಜೆ ಮೂಡುತ್ತಿತ್ತು. ಕಾಗದ ಕತ್ತರಿಸಿದ್ದು, ಮಡಿಸಿದ್ದು, ಒಳಗೆ ಮುದ್ದಾದ ಅಕ್ಷರದಲ್ಲಿ "ನಾವು ಅವಳಿಗಳು ಬಂದಿದ್ದೇವೆ, ನೀವೂ ಬನ್ನಿ" ಎಂದು ಬರೆದದ್ದು, ವಿಳಾಸ ಹಾಕಿದ್ದು ಹೆಂಡತಿ. ಉಳಿದ ಕೆಲಸವೆಲ್ಲ ನನ್ನದು.

"ಏನ್ರೀ, ಒಂದು ಮಗುಗೆ ಒಂದೇ ಕಾಲಾ? ಎರಡು ಮಕ್ಕಳಿಗೆ ನಾಲ್ಕು ಕಾಲಿರುತ್ತೆ," ಎಂದಳು ಅವಳು.

"ಎಲ್ಲಾ ಹೊರಗೇ ತೋರಿಸಬಾರದು ಕಣೇ. ಒಂದು ತೋರಿಸಿದ್ರೆ ಇನ್ನೊಂದನ್ನ ನೋಡೋಕೆ ಜನ ತಾವಾಗೇ ಬರ್ತಾರೆ. ವ್ಯಾಪಾರದ ಗುಟ್ಟು."

"ಮಕ್ಕಳನ್ನೇನು ಮಾರ್ತೀರಾ?"

ಇಂಥವಳ ಜೊತೆ ಕಲೆಯ ಬಗ್ಗೆ ಏನು ಚರ್ಚಿಸುವುದು. ಒಂದು ವಾರ ನಮ್ಮ ಮನೆಯಲ್ಲಿ ಮಂಚ, ಕುರ್ಚಿ, ಇಸ್ತ್ರಿ ಮೇಜು ಎಲ್ಲದರ ಮೇಲೂ ಕಾರ್ಡು ಒಣಗಿದವು. ನಾವು ನಿಂತೇ ಊಟ ಮಾಡಿದೆವು. ಕೊನೆಗೆ ಎಲ್ಲವನ್ನೂ ಅಂಚೆಗೆ ಹಾಕಿ ಬಂದೆ.

ತಂಗಿಯ ಮನೆಗೆ ಮೂರು ದಿನ ಯಾರೂ ಬರಲಿಲ್ಲ. ಒಂದು ಫೋನೂ ಇಲ್ಲ. ತಂಗಿ ಬಾಗಿಲ ಬಳಿ ಸದ್ದಾದಾಗಲೆಲ್ಲ ಮಕ್ಕಳ ಹೊದಿಕೆ ಸರಿಮಾಡುತ್ತಿದ್ದಳು. ಅದು ಹಾಲಿನವನದೋ ಪಕ್ಕದ ಮನೆಯವರದೋ ಆಗಿರುತ್ತಿತ್ತು. ನನಗೆ ಅವಳ ಮುಖ ನೋಡುವುದೇ ಕಷ್ಟವಾಯಿತು.

ನಾಲ್ಕನೆಯ ದಿನ ಅಂಗಡಿಯಲ್ಲಿದ್ದಾಗ ದೊಡ್ಡಮ್ಮನ ಫೋನು ಬಂತು. ನಮ್ಮ ಕುಟುಂಬದಲ್ಲಿ ದೊಡ್ಡಮ್ಮನಿಗೆ ಒಂದು ಸುದ್ದಿ ಮುಟ್ಟಿದರೆ ಎಲ್ಲರಿಗೂ ಮುಟ್ಟಿದ ಹಾಗೆ.

"ಮುಚ್ಚಿಡಬೇಡ ಕಣೋ," ಎಂದರು. "ಕಾರ್ಡು ನೋಡಿದೆ. ಎರಡು ಮಕ್ಕಳದ್ದೂ ಎಡಗಾಲೇ ಹಾಕಿದ್ದೀಯ. ಬಲಗಾಲಿಗೆ ಏನಾಗಿದೆ?"

ಹೌದಲ್ಲ. ಇಷ್ಟು ವರ್ಷದ ಅಭ್ಯಾಸ. ತೋರಿಸುವುದು ಎಂದ ಕೂಡಲೇ ಕೈ ತಾನಾಗಿಯೇ ಎಡಗಾಲಿಗೆ ಹೋಗಿತ್ತು. ಇತ್ತ ಗಿರಾಕಿಯೊಬ್ಬ ಶೂವಿನಲ್ಲಿ ಹಿಮ್ಮಡಿ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದ, ಮಾಲೀಕರು ಕಣ್ಣು ಕೆಕ್ಕರಿಸುತ್ತಿದ್ದರು. "ದೊಡ್ಡಮ್ಮ, ಆಮೇಲೆ ಹೇಳ್ತೀನಿ," ಎಂದು ಫೋನಿಟ್ಟೆ. ಮತ್ತೆ ಮಾಡುವಷ್ಟರಲ್ಲಿ ಅವರ ಫೋನು ಬಿಡುವಿಲ್ಲದೆ ದುಡಿಯುತ್ತಿತ್ತು. ಸಂಜೆಯ ಹೊತ್ತಿಗೆ ನೆಂಟರ ಬಾಯಲ್ಲಿ ಮಕ್ಕಳಿಗೆ ಆಪರೇಷನ್ ನಿಶ್ಚಯವಾಗಿತ್ತು. ಯಾವ ಡಾಕ್ಟರೆಂಬುದು ಮಾತ್ರ ಬಾಕಿ ಉಳಿದಿತ್ತು.

ಭಾನುವಾರ ತಂಗಿಯ ಮನೆಗೆ ಎಲ್ಲರೂ ಬಂದರು. ಎಲ್ಲರೂ ಎಂದರೆ ನಿಜವಾಗಿಯೂ ಎಲ್ಲರೂ. ಬಾಗಿಲಲ್ಲಿ ಶೂಗಳ ರಾಶಿ ಮೆಟ್ಟಿಲಿನವರೆಗೆ ಹರಡಿತು. (ಅರ್ಧಕ್ಕರ್ಧ ಒಂದೇ ಮಾದರಿಯ ಕಪ್ಪು ಶೂ. ನಮ್ಮ ಅಂಗಡಿಯಲ್ಲಿ ಮಿಕ್ಕಿದ್ದನ್ನು ರಿಯಾಯಿತಿಯಲ್ಲಿ ನೆಂಟರಿಗೆ ತೊಡಿಸಿದವನು ನಾನೇ.) ಒಬ್ಬರು ಮೂಳೆ ಡಾಕ್ಟರ ವಿಳಾಸ ತಂದಿದ್ದರು. ನಿವೃತ್ತ ಡ್ರಿಲ್ ಮಾಸ್ಟರಾದ ಚಿಕ್ಕಪ್ಪ ಕಾಲಿನ ವ್ಯಾಯಾಮಗಳ ಚಿತ್ರವನ್ನೇ ಬರೆದು ತಂದಿದ್ದರು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಿವಿಯಲ್ಲೂ "ಏನೂ ಆಗಿಲ್ಲ, ಅವಳ ಮುಂದೆ ಆ ಮಾತು ಎತ್ತಬೇಡಿ" ಎಂದೆ. ಅವರು ನನ್ನ ಬೆನ್ನು ತಟ್ಟಿ, ಧೈರ್ಯವಾಗಿರು ಎಂದು ಒಳಗೆ ಹೋದರು.

ತಂಗಿಯ ಮುಖವಂತೂ ಅರಳಿತ್ತು. ಆದರೆ ದೊಡ್ಡಮ್ಮ ಕನ್ನಡಕ ಏರಿಸಿ, ಎರಡೂ ಮಕ್ಕಳ ಕಾಲುಚೀಲ ಬಿಚ್ಚಿ, ಬಲಗಾಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳೆಣಿಸಿದರು. ಹಿಮ್ಮಡಿ ತಿರುಗಿಸಿದರು. ಉಳಿದವರೆಲ್ಲ ಅವರ ಹೆಗಲ ಮೇಲಿಂದ ಇಣುಕಿದರು. ಗಂಡು ಮಗು ಅವರ ಕನ್ನಡಕಕ್ಕೆ ಬಲಗಾಲಿನಿಂದಲೇ ಒಂದು ಬಿಟ್ಟಿತು.

"ಚಿನ್ನದಂಥಾ ಕಾಲು," ಎಂದು ದೊಡ್ಡಮ್ಮ ಕುಸಿದು ಕೂತು ಅಳತೊಡಗಿದರು.

"ಯಾಕೆ ಎಲ್ಲಾರೂ ಬಲಗಾಲನ್ನೇ ನೋಡ್ತಿದ್ದೀರಿ?" ಎಂದಳು ತಂಗಿ.

ಎಲ್ಲರ ಕಣ್ಣೂ ನನ್ನ ಮೇಲೆ. ಶೋಕೇಸು, ಎಡಗಾಲು, ಕಳ್ಳ, ಗಿರಾಕಿ, ದೊಡ್ಡಮ್ಮನ ಫೋನು ಎಲ್ಲವನ್ನೂ ಒದರಿದೆ. ತಂಗಿ ಮೊದಲು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ಅಂದ್ರೆ, ಮಕ್ಕಳಿಗೆ ಚೆನ್ನಾಗಿಲ್ಲ ಅಂತ ಅಂದ್ಕೊಂಡು ಬಂದ್ರಾ ಎಲ್ಲರೂ? ನಾನು ಯಾರ ಮನೆಗೂ ಬಂದೋಳಲ್ಲ."

"ನಿನ್ನ ತಲೆನೋವು ನಮಗೆ ತಿಳೀತಿರಲಿಲ್ಲ ಅಂದ್ಕೊಂಡ್ಯಾ?" ಎಂದರು ದೊಡ್ಡಮ್ಮ. "ಕಾರ್ಡು ಬಂದ ದಿನಾನೇ ಹೊರಡೋಣ ಅಂದ್ಕೊಂಡ್ವಿ. ನಮ್ಮನ್ನ ಕಂಡ್ರೆ ನಿನಗೆ ಸಂಕೋಚ ಆಗುತ್ತೇನೋ ಅಂತ ತಡೆದ್ವಿ. ಕಾಲಿಗೆ ಏನೋ ಆಗಿದೆ ಅಂದ್ಮೇಲೆ ಯಾವ ಸಂಕೋಚ?"

ತಂಗಿ ಅವರ ಹೆಗಲಿಗೆ ಮುಖ ಒತ್ತಿದಳು. ಒಂದು ಮಗುವನ್ನು ಚಿಕ್ಕಪ್ಪ, ಇನ್ನೊಂದನ್ನು ನನ್ನ ಹೆಂಡತಿ ಎತ್ತಿಕೊಂಡರು. ಆಮೇಲೆ ಮಕ್ಕಳು ಕೈಯಿಂದ ಕೈಗೆ ಹೋದವು, ಸಂಜೆಯವರೆಗೆ ಹಾಸಿಗೆ ಮುಟ್ಟಲಿಲ್ಲ. ನಾನು ಅಡುಗೆಮನೆಗೆ ಹೋಗಿ ಲೋಟ ತೊಳೆಯುವ ನೆಪದಲ್ಲಿ ಸ್ವಲ್ಪ ಅತ್ತೆ. ಇಂಥ ಜನ ನಮಗೆ ಇದ್ದಾರಲ್ಲ ಎಂದು ಎಷ್ಟು ಕೃತಜ್ಞನಾದೆನೆಂದರೆ, ಬೀಟ್‌ರೂಟಿಗೂ ಒಂದು ನಮಸ್ಕಾರ ಹಾಕುವವನಿದ್ದೆ.

ಹೊರಡುವಾಗ ತಂಗಿ ಕೈ ಹಿಡಿದುಕೊಂಡು "ಅಣ್ಣ, ನೀನು ಹೇಳಿದ ಹಾಗೇ ಮಾಡ್ದೆ," ಎಂದಳು. ಅದೇ ಗುಂಗಿನಲ್ಲಿ ರಾಶಿಯಲ್ಲಿ ಕೈಯಾಡಿಸಿ ಶೂ ಹಾಕಿಕೊಂಡು ಹೆಂಡತಿಯ ಜೊತೆ ಬೀದಿಗಿಳಿದೆ.

"ನೋಡಿದ್ಯಾ? ಒಂದನ್ನ ತೋರಿಸಿದೆ, ಇನ್ನೊಂದನ್ನ ನೋಡೋಕೆ ಊರೇ ಬಂತು," ಎಂದೆ.

ಅವಳಿಗಿಂತ ಮೊದಲು ನನ್ನ ಬಲಗಾಲಿನ ಕಿರುಬೆರಳು ಮಾತಾಡತೊಡಗಿತು. ಮೂಲೆ ತಿರುಗುವಷ್ಟರಲ್ಲಿ ನಾನು ಕುಂಟುತ್ತಿದ್ದೆ. ಅಷ್ಟರಲ್ಲಿ ಫೋನು ಬಂತು, ಚಿಕ್ಕಪ್ಪನದು.

"ಏನಯ್ಯಾ, ಬಸ್‌ಸ್ಟಾಪಿನವರೆಗೂ ನಡೆಯೋಕಾಗಲಿಲ್ಲ ನನಗೆ. ಎರಡೂ ಬಲಗಾಲಿಂದೇ ಇದೆ. ನಿನ್ನ ಕಾಲು ಒಂದು ಸಲ ನೋಡ್ಕೋ."

ಬೀದಿದೀಪದ ಕೆಳಗೆ ನಿಂತು ನೋಡಿಕೊಂಡೆ. ಎರಡೂ ಎಡಗಾಲಿನವು. ಹೆಂಡತಿಯೂ ಬಗ್ಗಿ ನೋಡಿದಳು, ಸಾವಕಾಶವಾಗಿ ನೋಡಿದಳು. ಚಿಕ್ಕಪ್ಪ ಬರುವವರೆಗೆ ಇಲ್ಲೇ ಕೂರೋಣವೇ ಎಂದು ಆಸೆಯಿಂದ ಕೇಳಿದೆ.

"ಅವರದನ್ನ ನಾಳೆ ಕಳಿಸಿದ್ರಾಯ್ತು," ಎಂದು ಅವಳು ಮುಂದೆ ಹೆಜ್ಜೆ ಹಾಕಿದಳು. "ನಡೀರಿ ಸರ್, ಹಾಕ್ತಾ ಹಾಕ್ತಾ ಸರಿಹೋಗುತ್ತೆ."