ಖಾಲಿಯಿದ್ದ ಹೆಸರು

ಹೆಸರಿಲ್ಲದ ಕಾರನ್ನು ರಸ್ತೆಗೆ ಇಳಿಸಬಾರದು ಎಂದು ಮೊದಲು ಬಾಯಿ ತೆರೆದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮುನಿನಾರಾಯಣಪ್ಪ. ಅವರು ಸುಮ್ಮನಿದ್ದಿದ್ದರೆ ಚೈತನ್ಯ ಆ ದಿನ ಸುಖವಾಗಿ ಗೌರಿಬಿದನೂರು ತಲುಪುತ್ತಿದ್ದ.

ಕಾರು ಹಳೆಯದೇ. ಆದರೆ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು. ಹಿಂದೆ ಕೂತವರು ಮೊಣಕಾಲನ್ನು ಗದ್ದಕ್ಕೆ ಕೊಟ್ಟು ಕೂರಬೇಕು. ಚಿಂತಾಮಣಿಯ ಹಂಪುಗಳ ಮೇಲೆ ಅದು ಬಸುರಿ ಹಲ್ಲಿಯ ಹಾಗೆ ಹೊಟ್ಟೆ ಎಳೆದುಕೊಂಡು ಹೋಗುತ್ತಿತ್ತು. ಅವನು ಕೊಳ್ಳುವ ಮೊದಲೇ ಯಾರೋ ಹಿಂಬದಿಯ ಹೆಸರನ್ನು ಕಿತ್ತುಕೊಂಡು ಹೋಗಿದ್ದರು. ಆ ಜಾಗದಲ್ಲಿ ಸಾಲಾಗಿ ತೂತುಗಳು ಮಾತ್ರ, ಹಲ್ಲು ಬಿದ್ದ ಬಾಯಿಯ ಹಾಗೆ.

ಆವತ್ತು ಹೆಣ್ಣು ನೋಡುವ ದಿನ. ಚೈತನ್ಯನ ಕಂಪ್ಯೂಟರ್ ಸೆಂಟರು ನೋಡಿ, ಆಮೇಲೆ ಅವನ ಬೋಳು ನೆತ್ತಿ ನೋಡಿ, ಕಾಫಿ ಕುಡಿದು ಎದ್ದುಹೋದ ಸಂಬಂಧಗಳಿಗೆ ಲೆಕ್ಕವಿಲ್ಲ. ಗೌರಿಬಿದನೂರಿನ ಶಾಂಭವಿ ಮಾತ್ರ ಫೋಟೋದಲ್ಲಿ ಅವನ ಹಿಂದೆ ನಿಂತಿದ್ದ ಕಾರನ್ನು ನೋಡಿ, 'ಅದರಲ್ಲೇ ಬನ್ನಿ. ಹೆಸರೇನು ಅದರದ್ದು?' ಎಂದು ಮೆಸೇಜು ಮಾಡಿದ್ದಳು. ಇದೂ ತಪ್ಪಿದರೆ ನಮ್ಮ ಜಿಲ್ಲೆ ಮುಗಿಯಿತು ಎಂದು ಬ್ರೋಕರು ಹೇಳಿಯಾಗಿತ್ತು.

"ಹೆಸರಿಡದ ಮಗೂನ ಹೊಸಿಲು ದಾಟಿಸ್ತಾರೇನಪ್ಪ?" ಎಂದರು ಮೇಷ್ಟ್ರು, ಕಾರಿನ ತೂತಿಗೆ ಬೆರಳಿಟ್ಟು.

"ಫಾರಿನ್‌ನೋರು ಗೂಳಿ ಹೆಸರು ಇಡ್ತಾರೆ ಸಾರ್. ಬಿರುಗಾಳಿ ಹೆಸರು, ಹಾವಿನ ಹೆಸರು. ಒಬ್ಬೊಬ್ರು ಮನೆ ಮಕ್ಕಳ ಹೆಸರೂ ಇಡ್ತಾರೆ."

"ಗೂಳಿ ಅಂದ್ರೆ ಗುಮ್ಮುತ್ತೆ, ಹಾವು ಅಂದ್ರೆ ಕಚ್ಚುತ್ತೆ. ಇಟ್ಟ ಹೆಸರು ಸುಮ್ನೆ ಕೂರಲ್ಲ ಕಣಪ್ಪ."

ಒಳಗಿನಿಂದ ತಾಯಿ ಗೋದಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ನಮ್ಮನೇಲೇ ಒಂದು ಹೆಸರು ಖಾಲಿ ಇದೆಯಲ್ಲೋ."

ಸತ್ತ ಹಿರಿಯರ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುವುದು ಆ ಮನೆಯ ಪದ್ಧತಿ. ಚೈತನ್ಯನ ಅಜ್ಜಿ ಪೆದ್ದಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇಟ್ಟುಕೊಳ್ಳಲು ಮನೆಯಲ್ಲಿ ಮಗು ಹುಟ್ಟಿರಲಿಲ್ಲ.

"ಅವರ ಹೆಸರು ಇನ್ನೆಷ್ಟು ದಿನ ಜೀವ ಇಲ್ದೆ ಅಲೀಬೇಕೋ? ಮೊಮ್ಮಗಳಿಗೆ ಇಡಣ ಅಂದ್ರೆ ನೀನು ಮದುವೇನೇ ಆಗ್ಲಿಲ್ಲ. ಇದಕ್ಕಾದ್ರೂ ಇಡು. ಒಳ್ಳೇದಾಗುತ್ತೆ."

ಗೋದಮ್ಮ ಹೆಸರನ್ನು ಮಾತ್ರ ಬಾಯಲ್ಲಿ ಹೇಳಲಿಲ್ಲ. ಅತ್ತೆಯ ಹೆಸರನ್ನು ಅವರು ಯಾವತ್ತೂ ಹೇಳಿದವರಲ್ಲ.

ಸ್ಟಿಕ್ಕರ್ ಅಂಗಡಿಯ ಜಾಹಿದ್ ನಗು ತಡೆಯಲಾಗದೆ ಎರಡು ಸಲ ತಪ್ಪು ಕತ್ತರಿಸಿದ. "ಸ್ಪೋರ್ಟ್ಸ್ ಕಾರಿಗೆ ಪೆದ್ದಮ್ಮನಾ ಭಾಯ್? ಯೋಚ್ನೆ ಮಾಡು. ಈ ಗಮ್ಮು ಹೊಸಾದು. ಹಿಡೀತು ಅಂದ್ರೆ ಬಿಡಲ್ಲ. ಒಂದರಿಂದ ಕಿತ್ರೆ ಇನ್ನೊಂದಕ್ಕೆ ಅಂಟ್ಕೊಳ್ಳುತ್ತೆ."

"ಹಾಕು ಮಾರಾಯ, ಅಮ್ಮನ ಆರ್ಡರು."

ಹಳದಿ ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ 'ಪೆದ್ದಮ್ಮ' ಎಂದು ಕಾರಿನ ಬೆನ್ನಿಗೆ ಅಂಟಿತು. ತೂತುಗಳು ಮುಚ್ಚಿಹೋದವು. ಎಂಜಿನ್ನು ಒಮ್ಮೆ ಕೆಮ್ಮಿತು. ಹಳೆಯ, ಕಫದ ಕೆಮ್ಮು. ಜಾಹಿದ್ ನಗುವುದನ್ನು ನಿಲ್ಲಿಸಿದ.

ಗೋದಮ್ಮ ಹಿಂದೆ, ಮೇಷ್ಟ್ರು ಮುಂದೆ ಕೂತರು. ಹೆಣ್ಣಿನ ಮನೆಗೆ ಕರೆಯದಿದ್ದರೂ ಮೇಷ್ಟ್ರು ಹೊರಟಿದ್ದರು. ರಾಹುಕಾಲಕ್ಕೆ ಮೊದಲು ಗೌರಿಬಿದನೂರು ಸೇರಬೇಕು. ಚೈತನ್ಯ ಶಿಡ್ಲಘಟ್ಟದ ಕಡೆ ಸ್ಟೇರಿಂಗ್ ತಿರುಗಿಸಿದ. ಕಾರು ಕೈವಾರದ ಕಡೆ ತಿರುಗಿತು.

"ಯಾಕೋ ಈ ಕಡೆ?"

"ನಾನಲ್ಲಮ್ಮ!"

ಕೈವಾರದ ತಾತಯ್ಯನ ಗುಡಿಯ ಮುಂದೆ ಎಂಜಿನ್ನು ತಾನಾಗಿ ನಿಂತಿತು. ಎಷ್ಟು ತಿರುವಿದರೂ ಹೊರಡಲಿಲ್ಲ. "ಥೂ, ದರಿದ್ರ ಮುಂ—" ಎನ್ನುವಷ್ಟರಲ್ಲಿ ಹಿಂದಿನಿಂದ ಗೋದಮ್ಮನ ಕೈ ಅವನ ನೆತ್ತಿಗೆ ಬಿತ್ತು.

"ಅವರ ಹೆಸರು ಇಟ್ಕೊಂಡಿರೋದನ್ನ ಬೈತೀಯೇನೋ? ಅವರು ಯಾವತ್ತಾದ್ರೂ ತಾತಯ್ಯಂಗೆ ಕೈ ಮುಗೀದೆ ಊರು ಬಿಟ್ಟಿದ್ರಾ? ಇಳಿ!"

ಮೂವರೂ ಇಳಿದು ಕೈ ಮುಗಿದರು. ಕಾರು ಮುಟ್ಟುವ ಮೊದಲೇ ಗುರುಗುಟ್ಟಿತು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತವರು ಕೂತಷ್ಟೇ ಬೇಗ ಎದ್ದರು.

"ಬೆಚ್ಚಗಿದೆ."

"ನೀವೇ ಕೂತಿದ್ರಲ್ಲ ಸಾರ್."

"ನಾನು ಕೂತಿದ್ದು ಇಷ್ಟು ಬೆಚ್ಚಗಿರಲ್ಲಪ್ಪ," ಎಂದು ಮೇಷ್ಟ್ರು ಹಿಂದಕ್ಕೆ ತೂರಿಕೊಂಡರು.

ಮುಂದಿನ ಸೀಟು ಖಾಲಿ. ಆದರೂ ಕಾರು ಹೊರಟ ಕೂಡಲೇ ಕೀ ಕೀ ಎಂದು ಕೂಗತೊಡಗಿತು. ಎದುರಿಗೆ ಕೆಂಪು ದೀಪ: ಪಕ್ಕದಲ್ಲಿ ಕೂತವರು ಬೆಲ್ಟು ಹಾಕಿಲ್ಲ. ಚೈತನ್ಯ ಖಾಲಿ ಸೀಟನ್ನು ನೋಡಿದ. ಖಾಲಿಯೇ ಇತ್ತು. ಮೆತ್ತೆ ಮಾತ್ರ ನಡುವೆ ತುಸು ತಗ್ಗಾಗಿತ್ತು. ಅವನು ಕೈ ಚಾಚಿ, ಯಾರಿಗೂ ತಗುಲದ ಹಾಗೆ ಎಚ್ಚರದಿಂದ ಬೆಲ್ಟು ಎಳೆದು ಸಿಕ್ಕಿಸಿದ. ಕೂಗು ನಿಂತಿತು.

 

ಕಾರು ಎಷ್ಟು ತುಳಿದರೂ ಎತ್ತಿನ ಗಾಡಿಯ ವೇಗ ಬಿಡಲಿಲ್ಲ. ಪೆದ್ದಮ್ಮ ಬದುಕಿದ್ದಾಗ ಬಸ್ಸು ಹತ್ತಿದರೆ ಡ್ರೈವರಿಗೆ, ಗಾಡಿ ಹತ್ತಿದರೆ ಎತ್ತಿಗೆ, ಅವಸರ ಬೇಡ, ಮೆಲ್ಲಗೆ ಹೋಗು ಎಂದು ತೆಲುಗಿನಲ್ಲಿ ಹೇಳುತ್ತಿದ್ದ ಮಾತು ಒಂದೇ: "ಏಂದಿರಾ ಆ ತೊಂದರ? ಮೆಲ್ಲಗಾ ಪೋರಾ." ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆ ಹೊತ್ತ ಸೈಕಲ್ಲು ಅವರನ್ನು ಹಿಂದೆ ಹಾಕಿತು. ಚಿಕ್ಕಬಳ್ಳಾಪುರ ದಾಟಿದ ಮೇಲೆ, ಸ್ಕಂದಗಿರಿ ಮೋಡದೊಳಗೆ ಅರ್ಧ ಮುಳುಗಿದ್ದಾಗ, ಹುಲ್ಲು ಹೊತ್ತ ಮುದುಕಿಯೊಬ್ಬಳು ಹಿಂದೆ ಹಾಕಿದಳು. ಹಾದುಹೋಗುವಾಗ ಮುಂದಿನ ಸೀಟಿನ ಕಡೆ ನೋಡಿ, ಪರಿಚಯದವರನ್ನು ಕಂಡಂತೆ ತಲೆಯಾಡಿಸಿದಳು.

ಅಲ್ಲಿಂದ ಮುಂದೆ ಕಾರಿನೊಳಗೆ ಹೊಗೆಸೊಪ್ಪಿನ ವಾಸನೆ ಏರಿತು. ಆಗೊಮ್ಮೆ ಈಗೊಮ್ಮೆ ಎಡಗಡೆಯ ಕಿಟಕಿ ತಾನಾಗಿ ಇಳಿಯುತ್ತಿತ್ತು. ಕ್ಷಣ ಬಿಟ್ಟು ತಾನಾಗಿ ಏರುತ್ತಿತ್ತು.

"ಅವರು ಎಲೆ ಅಡಿಕೆ ಉಗೀತಿದಾರೆ," ಎಂದರು ಗೋದಮ್ಮ ಮೆಲ್ಲಗೆ. "ನೋಡ್ಬೇಡ."

ರಾಹುಕಾಲ ಬಂದು, ಕೂತು, ಎದ್ದು ಹೋದಮೇಲೆ ಅವರು ಶಾಂಭವಿಯ ಮನೆ ಮುಟ್ಟಿದರು. ಇಬ್ಬರೂ ಹಿರಿಯರು ಒಳಗೆ ಓಡಿದರು. ಚೈತನ್ಯ ಕಾರಿನ ಹಿಂದೆ ಹೋಗಿ ಹಳದಿ ಪಟ್ಟಿಗೆ ಉಗುರು ಹಾಕಿದ. ಶಾಂಭವಿ ಕಾರಿನ ಹೆಸರು ಕೇಳಿದರೆ ಏನು ಹೇಳುವುದು? ಪಟ್ಟಿ ಸುಲಭವಾಗಿ ಬಂತು. ಬರುವುದಕ್ಕೇ ಕಾದಿದ್ದಂತೆ ಬಂತು. ಕೈಗೆ ಅಂಟಿದ್ದನ್ನು ಹೇಗೋ ಕೊಡವಿ ಮುಂದಿನ ಸೀಟಿನ ಮೇಲೆ ಎಸೆದು ಒಳಗೆ ನಡೆದ.

ಶಾಂಭವಿ ಅವನ ನೆತ್ತಿಯನ್ನು ನೋಡಲೇ ಇಲ್ಲ. ಕಾಫಿ ಕೊಟ್ಟು ನೇರವಾಗಿ ಕೇಳಿದಳು: "ಒಂದು ರೌಂಡ್ ಹೋಗಣ್ವಾ?" ಎರಡೂ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮುಗಿಯಿತು, ಒಪ್ಪಿಗೆಯಾಯಿತು ಎಂದು ಮೇಷ್ಟ್ರು ಇನ್ನೊಂದು ಲಾಡು ತೆಗೆದುಕೊಂಡರು.

ಕಾರು ಒಂದೇ ಮಾತಿಗೆ ಹೊರಟಿತು. ವಾಸನೆಯಿಲ್ಲ, ಕೂಗಿಲ್ಲ. ನಗರಗೆರೆಯ ರಸ್ತೆಯಲ್ಲಿ ಬಾಣದ ಹಾಗೆ ಹಾರಿತು. ಚೈತನ್ಯನ ಕಣ್ಣಲ್ಲಿ ನೀರು ಬಂತು.

"ಸೂಪರ್!" ಎಂದಳು ಶಾಂಭವಿ. "ಹಿಂದೆ ಹೆಸರೇ ಇಲ್ವಲ್ಲ. ನನ್ಗೆ ಈ ಹೆಸರುಗಳು ಅಂದ್ರೆ ಹುಚ್ಚು. ಒಂದು ಗೂಳಿ ಇತ್ತಂತೆ. ಎಷ್ಟು ಇರಿದ್ರೂ ಬೀಳ್ಲಿಲ್ವಂತೆ. ಆಮೇಲೆ ಅದರ ಹೆಸರು ಒಂದು ಕಾರಿಗೆ ಬಂತು ಅಂತ ಎಲ್ಲೋ ಓದಿದ್ದೆ. ಹೋದೋರ ಹೆಸರು ಎಲ್ಲಾದ್ರೂ ಹತ್ಕೊಳ್ಳೋಕೆ ಜಾಗ ಹುಡುಕ್ತಾನೇ ಇರುತ್ತೆ ಅನ್ಸುತ್ತೆ, ಅಲ್ವಾ?"

"ಹೌದಲ್ವಾ," ಎಂದ ಚೈತನ್ಯ, ಇನ್ನಷ್ಟು ತುಳಿಯುತ್ತ.

ಪಕ್ಕದಲ್ಲಿ ಕೆಮ್ಮು ಕೇಳಿಸಿತು.

"ಕಿಟಕಿ ಇಳ್ಸು," ಎಂದಳು ಶಾಂಭವಿ. ದನಿ ದಪ್ಪಗಾಗಿತ್ತು. ಇಳಿಸಿದ. ಅವಳು ಎರಡು ಬೆರಳನ್ನು ತುಟಿಗಿಟ್ಟು ಹೊರಗೆ ಉಗುಳಿದಳು. ಗುರಿ ತಪ್ಪದ, ವರ್ಷಗಳ ಅಭ್ಯಾಸದ ಉಗುಳು. ಆಮೇಲೆ ಕೈ ಚಾಚಿ ಅವನ ಕಿವಿ ಹಿಡಿದು ತಿರುವಿದಳು.

"ಏಂದಿರಾ ಆ ತೊಂದರ? ಮೆಲ್ಲಗಾ ಪೋರಾ."

ವಾಪಸು ಬರುವಾಗ ಎತ್ತಿನ ಗಾಡಿಯ ವೇಗ. ಬಾಗಿಲಲ್ಲಿ ಕಾಯುತ್ತಿದ್ದ ಗೋದಮ್ಮ ಮೊದಲು ನಕ್ಕರು. ಶಾಂಭವಿ ಇಳಿದು, ಸೊಂಟಕ್ಕೆ ಕೈಕೊಟ್ಟು, ಅವರನ್ನು ದಾಟಿ ಒಳಗೆ ನಡೆದಳು. ಅವಳ ರೇಷ್ಮೆ ಸೀರೆಯ ಬೆನ್ನಿಗೆ ಹಳದಿ ಪಟ್ಟಿ ಹತ್ತಿತ್ತು, ಕೆಂಪಕ್ಷರ ಹೊಳೆಯುತ್ತಿತ್ತು. ಗೋದಮ್ಮನ ನಗು ನಿಂತಿತು. ಅವರು ಸೆರಗನ್ನು ತಲೆಗೆಳೆದು ಗೋಡೆಗೆ ಸರಿದು ನಿಂತರು, ಮದುವೆಯಾಗಿ ಬಂದ ಮೊದಲ ದಿನ ನಿಂತ ಹಾಗೆ.

ಚೈತನ್ಯ ಓಡಿಹೋಗಿ ಪಟ್ಟಿಗೆ ಕೈ ಹಾಕಿದ.

"ಮುಟ್ಟಬೇಡ್ರಾ," ಎಂದಿತು ದನಿ, ತಿರುಗಿ ನೋಡದೆ.

ಒಳಗೆ ಬೀಗರು ಮದುವೆಗೆ ದಿನ ಗೊತ್ತು ಮಾಡುತ್ತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಜಾಹಿದ್.

"ಭಾಯ್, ದಾರೀಲಿ ಕಿತ್ಕೊಂಡು ಹೋಯ್ತಾ ಅಂತ ಕೇಳ್ದೆ. ಹೆಸರು ಸರಿಯಾಗಿ ಅಂಟಿದೆಯಾ?"

ಚೈತನ್ಯ ಕಿವಿ ಸವರಿಕೊಂಡ. ಇನ್ನೂ ಉರಿಯುತ್ತಿತ್ತು.

"ಅಂಟಿದೆ ಭಾಯ್."